‘ಹಠಮಾರಿ’ ಅಂತ ಬರೆಯಬೇಡಿ: ಅಂಗನವಾಡಿಗೆ ಬರುವ ಪಿಯು ಹುಡುಗಿಯರಿಗೆ

ಪ್ರತಿ ವರ್ಷ ಪಿಯು ಓದುವ ಏಳೆಂಟು ಹುಡುಗಿಯರು ನನ್ನ ಅಂಗನವಾಡಿಗೆ ಬರುತ್ತಾರೆ. ಕೈಯಲ್ಲಿ ಹೊಸ ರೆಕಾರ್ಡ್ ಪುಸ್ತಕ, ಬ್ಯಾಗಿನಲ್ಲಿ ಚಾಕಲೇಟು. “ಅಕ್ಕ, ಮಗುವಿನ ಬೆಳವಣಿಗೆ ಬಗ್ಗೆ ಬರೀಬೇಕು, ಅರ್ಧ ಗಂಟೆ ಸಾಕು” ಅನ್ನುತ್ತಾರೆ. ಅರ್ಧ ಗಂಟೆ ಸಾಲದು. ಚಾಕಲೇಟಂತೂ ಬೇಡವೇ ಬೇಡ. ಒಂದು ಸಲ ಹಂಚಿದರೆ ಮುಗಿಯಿತು, ಆಮೇಲೆ ಮಕ್ಕಳ ಕಣ್ಣೆಲ್ಲ ನಿಮ್ಮ ಬ್ಯಾಗಿನ ಮೇಲೇ.

ನಾನೂ ಪಿಯುಸಿಯಲ್ಲಿ ಗೃಹವಿಜ್ಞಾನ ಓದಿದವಳೇ. ಈಗ ಟಿ. ನರಸೀಪುರ ತಾಲೂಕಿನ ಒಂದು ಹಳ್ಳಿಯಲ್ಲಿ ಅಂಗನವಾಡಿ ಕಾರ್ಯಕರ್ತೆ. ಸುಮ್ನೆ ಹೇಳುತ್ತಿದ್ದೇನೆ, 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಅಂಗನವಾಡಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಅದು ಮೊದಲು ಬಂದದ್ದು ನಮ್ಮ ತಾಲೂಕಿಗೇ. ನಮಗೆ ಅದೊಂದು ಜಂಬ.

ನನ್ನ ಮೊದಲ ರೆಕಾರ್ಡಿನಲ್ಲಿ ನಾನು ಬರೆದದ್ದು ಒಂದೇ ಸಾಲು: “ಈ ಮಗು ತುಂಬಾ ಹಠಮಾರಿ.” ನಮ್ಮ ಮೇಡಂ ಅದರ ಕೆಳಗೆ ಕೆಂಪು ಪೆನ್ನಿನಲ್ಲಿ ಬರೆದರು: “ಏನು ನೋಡಿದೆ?” ನಾನು ನೋಡಿದ್ದು ಇಷ್ಟು: ಮಗು ಚೆಂಡು ಕೊಡಲಿಲ್ಲ, ನೆಲದ ಮೇಲೆ ಕೂತು ಅತ್ತಿತು, ಎರಡು ನಿಮಿಷಕ್ಕೆ ಸುಮ್ಮನಾಯಿತು. ಹಠ ಅನ್ನುವುದು ನಾನು ಸೇರಿಸಿದ್ದು. ಅಂಗನವಾಡಿಯಲ್ಲಿ ನೀವು ಕಲಿಯಬೇಕಾದದ್ದರಲ್ಲಿ ಅರ್ಧ ಇದೇ.

ಮೊದಲ ದಿನ ಪುಸ್ತಕ ತೆರೆಯಲೇಬೇಡಿ. ಗೋಡೆಗೆ ಒರಗಿ ಕೆಳಗೆ ಕೂರಿ. ಕುರ್ಚಿ ಬೇಡ, ಕುರ್ಚಿಯಲ್ಲಿ ಕೂತವರೆಲ್ಲ ಮಕ್ಕಳ ಲೆಕ್ಕದಲ್ಲಿ ಸೂಜಿ ಹಾಕುವವರು. ಮಕ್ಕಳು ಬಂದು ಜಡೆ ಎಳೆದರೆ ನಕ್ಕು ಒಂದು ಮಾತಾಡಿ, ಆಟಕ್ಕೆ ಮಾತ್ರ ಇಳಿಯಬೇಡಿ. ಫೋನು ಬ್ಯಾಗಿನಲ್ಲೇ ಇರಲಿ. ಬೇರೆಯವರ ಮಕ್ಕಳ ಫೋಟೋ ತೆಗೆಯುವ ಹಕ್ಕು ನಿಮಗಿಲ್ಲ, ನನಗೂ ಇಲ್ಲ. ರೆಕಾರ್ಡಿನಲ್ಲಿ ಹೆಸರೂ ಬೇಡ, ‘ಮಗು ಅ’ ಅಂದರೆ ಸಾಕು.

ಎರಡನೇ ದಿನ ಒಂದೇ ಒಂದು ಮಗುವನ್ನು ಆರಿಸಿಕೊಳ್ಳಿ. ಅದರ ವಯಸ್ಸು ಸರಿಯಾಗಿ ಲೆಕ್ಕ ಹಾಕಿ. “ಸುಮಾರು ಮೂರು ವರ್ಷ” ಅಂತ ಬರೆದರೆ ಉಪಯೋಗವಿಲ್ಲ, ಈ ವಯಸ್ಸಿನಲ್ಲಿ ಆರು ತಿಂಗಳಿಗೆ ಮಗುವೇ ಬೇರೆಯಾಗಿಬಿಡುತ್ತದೆ. ತಾಯಿ ಕಾರ್ಡಿನಲ್ಲಿ ಹುಟ್ಟಿದ ದಿನ 14 ಜುಲೈ 2021 ಅಂತಿದ್ದು ನೀವು ಬಂದದ್ದು 20 ನವೆಂಬರ್ 2024 ಆಗಿದ್ದರೆ ವಯಸ್ಸು 3 ವರ್ಷ 4 ತಿಂಗಳು 6 ದಿನ. ಹೀಗೆ ಬರೆಯಿರಿ.

ಆಮೇಲೆ ಹತ್ತೇ ನಿಮಿಷ, ಗಡಿಯಾರ ನೋಡಿಕೊಂಡು, ಕಂಡದ್ದನ್ನು ಕಂಡ ಹಾಗೆ ಬರೆಯಿರಿ. ಹಾಳೆಯನ್ನು ಎರಡು ಭಾಗ ಮಾಡಿ. ಎಡಗಡೆ ಕಂಡದ್ದು, ಬಲಗಡೆ ನಿಮಗೆ ಅನ್ನಿಸಿದ್ದು. ಎಡಗಡೆ ಹೀಗಿರಬೇಕು: “10.20. ಹುಣಸೆಬೀಜಗಳನ್ನು ಒಂದೊಂದಾಗಿ ಲೋಟಕ್ಕೆ ಹಾಕಿತು. ಎಣಿಸಿತು: ಒಂದು, ಎರಡು, ನಾಲ್ಕು, ಐದು. ಪಕ್ಕದ ಮಗು ಕೈ ಹಾಕಿದಾಗ ಲೋಟವನ್ನು ಎದೆಗೆ ಒತ್ತಿಕೊಂಡಿತು.” ಬಲಗಡೆಯದ್ದನ್ನು ಸಂಜೆ ಮನೆಗೆ ಹೋಗಿ, ಪಠ್ಯಪುಸ್ತಕ ಮುಂದಿಟ್ಟುಕೊಂಡು ಬರೆಯಿರಿ. ಗೃಹವಿಜ್ಞಾನವೋ ಶಿಕ್ಷಣಶಾಸ್ತ್ರವೋ ಮನಃಶಾಸ್ತ್ರವೋ, ನಿಮ್ಮದು ಯಾವ ವಿಷಯವಾದರೂ ಇದು ನಡೆಯುತ್ತದೆ.

ಪುಸ್ತಕದ ಮಾತು ಕಣ್ಣೆದುರಿಗೇ ಕಾಣಬೇಕು ಅಂದರೆ ಹಾಲಿನ ಹೊತ್ತಿಗೆ ಬನ್ನಿ. ಒಂದೇ ಥರದ ಎರಡು ಲೋಟಕ್ಕೆ ಸಮವಾಗಿ ಹಾಲು ಹಾಕಿ, ಸಮ ಇದೆ ಅಂತ ಮಗುವಿನ ಬಾಯಲ್ಲೇ ಹೇಳಿಸಿ. ಅದರ ಎದುರಿಗೇ ಒಂದು ಲೋಟದ ಹಾಲನ್ನು ಉದ್ದನೆಯ, ಸಪೂರದ ಲೋಟಕ್ಕೆ ಸುರಿದು “ಈಗ ಯಾವುದರಲ್ಲಿ ಜಾಸ್ತಿ?” ಅಂತ ಕೇಳಿ. ನಾಲ್ಕು ವರ್ಷದ್ದು ಹೆಚ್ಚಾಗಿ ಉದ್ದನೆಯದ್ದನ್ನೇ ತೋರಿಸುತ್ತದೆ. ಮಕ್ಕಳ ಯೋಚನೆ ಹೇಗೆ ಬೆಳೆಯುತ್ತದೆ ಅಂತ ನೋಡಿದ ಮನಃಶಾಸ್ತ್ರಜ್ಞ ಪಿಯಾಜೆ ಹೇಳಿದ 2ರಿಂದ 7 ವರ್ಷದ ಹಂತ ಅಂದರೆ ಇದು: ಕಣ್ಣಿಗೆ ಎತ್ತರ ಕಂಡದ್ದೇ ಜಾಸ್ತಿ. ಒಂದು ಸಲ ಇದನ್ನು ಮಾಡಿಸಿದಾಗ ಉಳಿದವರೆಲ್ಲ ಉದ್ದ ಲೋಟವೇ ಬೇಕು ಅಂತ ಕೂತುಬಿಟ್ಟರು. ನಮ್ಮ ಸಹಾಯಕಿ ನನಗೆ ಬೈದದ್ದು ಇನ್ನೂ ನೆನಪಿದೆ. ಆದ್ದರಿಂದ ಒಂದು ಮಗುವನ್ನು ಮಾತ್ರ ಮೂಲೆಗೆ ಕರೆದುಕೊಂಡು ಮಾಡಿ. “ಅಲ್ಲ, ತಪ್ಪು” ಅಂತ ತಿದ್ದಲೂ ಹೋಗಬೇಡಿ.

ಆಟದ ಹಂತಗಳನ್ನೂ ಹೀಗೆಯೇ ಹುಡುಕಬಹುದು. ಮಕ್ಕಳ ಆಟವನ್ನು ಹಂತ ಹಂತವಾಗಿ ವಿಂಗಡಿಸಿದ ಮಿಲ್ಡ್ರೆಡ್ ಪಾರ್ಟನ್ 1932ರಲ್ಲಿ ಬರೆದದ್ದನ್ನು ಉರು ಹೊಡೆಯುವ ಬದಲು ಮರಳಿನ ಹತ್ತಿರ ನಿಂತು ನೋಡಿ. ಇಬ್ಬರು ಅಕ್ಕಪಕ್ಕ ಕೂತು ಇಡ್ಲಿ ಮಾಡುತ್ತಿರುತ್ತಾರೆ, ಇವನ ಇಡ್ಲಿ ಅವನಿಗೆ ಬೇಡ, ಅವನದ್ದು ಇವನಿಗೆ ಬೇಡ. ಅದು ಸಮಾನಾಂತರ ಆಟ. ದೊಡ್ಡ ಮಕ್ಕಳು “ನೀನು ಅಮ್ಮ, ನಾನು ಅಂಗಡಿಯವನು” ಅಂತ ಪಾಲು ಹಂಚಿಕೊಂಡರೆ ಅದು ಸಹಕಾರದ ಆಟ.

ಬೆಳವಣಿಗೆಯ ಮೈಲಿಗಲ್ಲುಗಳು ಪರೀಕ್ಷೆಯಲ್ಲಿ ಎಲ್ಲರಿಗೂ ಕಲಸಿಹೋಗುತ್ತವೆ, ಅಲ್ವಾ? ನಿಮ್ಮ ಬೀದಿಯಲ್ಲೇ ಮೂರು ಮಕ್ಕಳನ್ನು ಹುಡುಕಿಕೊಳ್ಳಿ: ಆರು ತಿಂಗಳದ್ದು, ಹತ್ತು ತಿಂಗಳದ್ದು, ಎರಡು ವರ್ಷದ್ದು. ಆರು ತಿಂಗಳದ್ದು ಸಿಕ್ಕಿದ್ದನ್ನು ಇಡೀ ಅಂಗೈಯಲ್ಲಿ ಬಾಚಿಕೊಳ್ಳುತ್ತದೆ. ಹತ್ತು ತಿಂಗಳದ್ದು ಚಾಪೆಯ ಮೇಲೆ ಬಿದ್ದ ಪುರಿಯನ್ನು ಹೆಬ್ಬೆರಳು, ತೋರುಬೆರಳಿನಲ್ಲಿ ಎತ್ತುತ್ತದೆ. (ಎತ್ತಿದ್ದು ಬಾಯಿಗೆ ಹೋಗದ ಹಾಗೆ ನೋಡಿಕೊಳ್ಳಿ.) ಎರಡು ವರ್ಷದ್ದು “ಅಮ್ಮ ಬಾ” ಅಂತ ಎರಡು ಪದ ಸೇರಿಸುತ್ತದೆ. ಚಿತ್ರಕ್ಕೆ ನನ್ನದೊಂದು ಗುರುತು ಇದೆ: ನೋಡಿ ಬರೆ ಅಂತ ಸ್ಲೇಟು ಕೊಟ್ಟರೆ ಸುಮಾರು 3 ವರ್ಷಕ್ಕೆ ಸೊನ್ನೆ, 4ಕ್ಕೆ ಚೌಕ, 5ಕ್ಕೆ ತ್ರಿಕೋನ. ಎತ್ತರಕ್ಕೂ ಒಂದು: ಹುಟ್ಟಿದಾಗ ಸುಮಾರು 50 ಸೆಂ.ಮೀ., ಒಂದು ವರ್ಷ ತುಂಬಿದಾಗ 75, ನಾಲ್ಕು ತುಂಬಿದಾಗ 100.

ಇವೆಲ್ಲ ಸರಾಸರಿ. ಒಂದು ತಿಂಗಳು ಹಿಂದುಮುಂದು ಆದರೆ ಮಗುವಿಗೆ ಏನೋ ಆಗಿದೆ ಅಂತಲ್ಲ. ಹಾಗೇನಾದರೂ ಅನುಮಾನ ಬಂದರೂ ತಾಯಿಯ ಹತ್ತಿರ ಬಾಯಿಬಿಡಬೇಡಿ, ನನಗೆ ಹೇಳಿ. ನಾನು, ಆಶಾ ಅಕ್ಕ ನೋಡಿಕೊಳ್ಳುತ್ತೇವೆ. ಒಬ್ಬಳು ಹುಡುಗಿ “ನಿಮ್ಮ ಮಗು ಲೇಟು” ಅಂದುಬಿಟ್ಟು, ಆ ತಾಯಿ ಒಂದು ವಾರ ಮಗುವನ್ನೇ ಕಳಿಸಲಿಲ್ಲ.

ಇದನ್ನು ಓದಿದರೆ ಮುಂದೇನು ಅಂತಲೂ ಕೇಳುತ್ತೀರಿ. ಅಂಗನವಾಡಿ ಕಾರ್ಯಕರ್ತೆಯಾಗಲು ಈಗ ಪಿಯುಸಿ ಪಾಸಾಗಿರಬೇಕು. ಪಿಯುಸಿ ನಂತರ ಎರಡು ವರ್ಷದ ಡಿ.ಎಲ್.ಇಡಿ. ಇದೆ, ಅಂದರೆ ಪ್ರಾಥಮಿಕ ಶಾಲೆ ಶಿಕ್ಷಕರ ತರಬೇತಿ. 2020ರ ಶಿಕ್ಷಣ ನೀತಿ 3ರಿಂದ 8 ವರ್ಷದವರೆಗಿನ ಕಲಿಕೆಯನ್ನು ಒಂದೇ ಹಂತ ಮಾಡಿದೆ. ಸಂಬಳದ ವಿಷಯ ಕೇಳಬೇಡಿ. ನಮ್ಮದಕ್ಕೆ ಸಂಬಳ ಅನ್ನುವುದಿಲ್ಲ, ಗೌರವಧನ ಅನ್ನುತ್ತಾರೆ.

ತಿಂಗಳಿಗೊಮ್ಮೆ ಮಕ್ಕಳ ತೂಕ ನೋಡುತ್ತೇವೆ. ಆವತ್ತು ಬಂದರೆ ಜಾಸ್ತಿ ಸಿಗುತ್ತದೆ, ಬೆಳವಣಿಗೆಯ ನಕ್ಷೆಯಲ್ಲಿ ಚುಕ್ಕಿ ಇಡಲು ನಿಮಗೂ ಕೊಡುತ್ತೇನೆ. ಬೆಳಿಗ್ಗೆ ಹತ್ತರೊಳಗೆ ಬನ್ನಿ, ಊಟ ಆದ ಮೇಲೆ ಎಲ್ಲ ಮಲಗಿಬಿಡುತ್ತವೆ. ಪೆನ್ಸಿಲ್ ತನ್ನಿ, ಪೆನ್ನು ಬೇಡ. ಹೋದ ವರ್ಷ ಒಂದು ಪೆನ್ನು ಸಿಕ್ಕಿ ಗೋಡೆಯ ಮೇಲೆಲ್ಲ ಸೊನ್ನೆ ಬರೆದಿಟ್ಟಿದ್ದಾರೆ. ಎಲ್ಲ ಮೂರು ವರ್ಷದವರ ಕೆಲಸ, ಚೌಕ ಒಂದೂ ಇಲ್ಲ.