ನಮ್ಮೂರ ಗುಡ್ಡದ ಬಗ್ಗೆ ಬರೆದ ಸಂಶೋಧನಾ ಪ್ರಬಂಧ ಓದುವುದು ಹೇಗೆ

ಬಳ್ಳಾರಿ ಹತ್ತಿರ ಇಷ್ಟು ಸಾವಿರ ವರ್ಷದ ಊರು ಸಿಕ್ಕಿತು, ಮಸ್ಕಿಯಲ್ಲಿ ಅಷ್ಟು ಸಾವಿರ ವರ್ಷದ ಮಡಕೆ ಸಿಕ್ಕಿತು ಅಂತ ಆಗಾಗ ಸುದ್ದಿ ಬರುತ್ತದೆ. ವಾಟ್ಸಾಪ್‌ನಲ್ಲಿ ಎರಡು ದಿನ ಓಡಾಡುತ್ತದೆ, ಆಮೇಲೆ ಮರೆತು ಹೋಗುತ್ತದೆ. ಅದರ ಹಿಂದೆ ಸಾಮಾನ್ಯವಾಗಿ ಇಂಗ್ಲಿಷಿನ ಒಂದು ಪ್ರಬಂಧ ಇರುತ್ತದೆ. ಅದನ್ನು ಓದೋಕೆ ಪ್ರೊಫೆಸರ್ ಆಗಬೇಕಿಲ್ಲ, ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಿದ್ದರೆ ಸಾಕು.

ಮೊದಲು ಹುಡುಕುವ ವಿಷಯ. ಇಂಗ್ಲಿಷಿನಲ್ಲಿ ‘ಬಳ್ಳಾರಿ’ ಅಂತ ಹಾಕಿದರೆ ಅರ್ಧಕ್ಕರ್ಧ ಸಿಗುವುದಿಲ್ಲ, ಹಳೆಯ ‘ಬೆಲ್ಲಾರಿ’ ಅಂತಲೇ ಹಾಕಿ. ಕೊಪ್ಪಳಕ್ಕೆ ನಿಜಾಮರ ಕಾಲದ ಬರಹಗಳಲ್ಲಿ ‘ಕೊಪ್ಬಾಲ್’ ಅಂತ ಇರುತ್ತದೆ. ಬಳ್ಳಾರಿ ಹತ್ತಿರದ ಸಂಗನಕಲ್ಲಿಗೆ ಮೂರ್ನಾಲ್ಕು ಸ್ಪೆಲ್ಲಿಂಗ್ ಇವೆ, ಪಕ್ಕದ ಕಪ್ಪಗಲ್ಲು ‘ಕುಪ್ಗಲ್’ ಆಗಿದೆ. ಪ್ರಬಂಧಕ್ಕೆ ದುಡ್ಡು ಕೇಳಿದರೆ ಕೊಡಬೇಡಿ. ಬರೆದವರಿಗೇ ಎರಡು ಸಾಲಿನ ಇಮೇಲ್ ಹಾಕಿ, ಈ ಊರಿನವನು, ಓದಬೇಕು ಅಂತ. ಎಷ್ಟೋ ಜನ ಖುಷಿಯಿಂದ ಪಿಡಿಎಫ್ ಕಳಿಸುತ್ತಾರೆ.

ಸಿಕ್ಕ ಮೇಲೆ ಮೊದಲ ಪುಟದಿಂದ ಓದಲು ಹೋಗಬೇಡಿ, ನಿದ್ದೆ ಬರುತ್ತದೆ. ಸಾರಾಂಶ ಓದಿ, ಸೀದಾ ನಕ್ಷೆಗೆ ಹೋಗಿ. ಗುಂಡಿ ಎಲ್ಲಿ ತೋಡಿದರು, ಅದು ಗುಡ್ಡದ ನೆತ್ತಿಯೋ ಬುಡವೋ, ಎಷ್ಟು ದೊಡ್ಡದು ಅಂತ ನೋಡಿ. ಇಲ್ಲಿ ನಾವು ಹೊರಗಿನ ವಿದ್ವಾಂಸರಿಗಿಂತ ಒಂದು ಹೆಜ್ಜೆ ಮುಂದೆ, ಯಾಕೆಂದರೆ ಆ ಹಳ್ಳ ಯಾವುದು, ಆ ಹೊಲ ಯಾವುದು ಅಂತ ನಮಗೆ ನೋಡಿದ ಕೂಡಲೇ ಗೊತ್ತಾಗುತ್ತದೆ.

ಆಮೇಲೆ ಕಾಲದ ಪಟ್ಟಿ. ನಾನು ಎಡವಿದ್ದು ಇಲ್ಲೇ. ಪಟ್ಟಿಯಲ್ಲಿ ‘3400 ± 40 ಬಿಪಿ’ ಅಂತ ಇತ್ತು. ಅದನ್ನು ಕ್ರಿ.ಪೂ. 3400 ಅಂದುಕೊಂಡು, ಇವತ್ತಿನ ತನಕ ಲೆಕ್ಕ ಹಾಕಿ, ಊರ ಕಟ್ಟೆ ಮೇಲೆ ಕೂತು ‘ಐದು ಸಾವಿರ ವರ್ಷ ಕಣ್ರೋ’ ಅಂದುಬಿಟ್ಟೆ. ಕಾಲೇಜಿಗೆ ಹೋಗುವ ಒಬ್ಬ ಹುಡುಗ ಎಲ್ಲರ ಎದುರೇ ತಿದ್ದಿದ. ಈ ಬಿಪಿ ನಮ್ಮ ಮನೆ ಹಿರಿಯರಿಗೆ ಇರುವ ಬಿಪಿ ಅಲ್ಲ, ‘ಬಿಫೋರ್ ಪ್ರೆಸೆಂಟ್’, ಅಂದರೆ ಈಗಿನಿಂದ ಇಷ್ಟು ವರ್ಷ ಹಿಂದೆ, ಮತ್ತು ಆ ‘ಈಗ’ ಅಂದರೆ 1950. 3400ರಲ್ಲಿ 1950 ಕಳೆದರೆ ಕ್ರಿ.ಪೂ. 1450 ಬರುತ್ತದೆ. ಅದೂ ಕೊನೆಯ ಉತ್ತರ ಅಲ್ಲ. ಈ ಕಾಲ ಅಳೆಯುವುದು ರೇಡಿಯೋಕಾರ್ಬನ್‌ನಿಂದ, ಅಂದರೆ ಗಿಡ, ಪ್ರಾಣಿ ಸತ್ತ ಮೇಲೆ ಮೆಲ್ಲಗೆ ಕಡಿಮೆಯಾಗುತ್ತ ಹೋಗುವ ಒಂದು ಬಗೆಯ ಇಂಗಾಲದಿಂದ. ಗಾಳಿಯಲ್ಲಿ ಅದು ಎಲ್ಲ ಕಾಲದಲ್ಲೂ ಒಂದೇ ಪ್ರಮಾಣದಲ್ಲಿ ಇರಲಿಲ್ಲ, ಅದಕ್ಕೇ ಲೆಕ್ಕವನ್ನು ತಿದ್ದಿ ಸರಿಹೊಂದಿಸುತ್ತಾರೆ, ಅದೇ ಕ್ಯಾಲಿಬ್ರೇಟ್ ಮಾಡುವುದು. ಮಾಡಿದರೆ ಇದು ಕ್ರಿ.ಪೂ. 1700ರ ಹತ್ತಿರ ಹೋಗುತ್ತದೆ. ಸಂಖ್ಯೆಯ ಜೊತೆ ‘ಕ್ಯಾಲ್’ ಅಂತ ಇದೆಯಾ ನೋಡಿ. ಇಲ್ಲದಿದ್ದರೆ ಅದು ಕಚ್ಚಾ ಲೆಕ್ಕ. ± 40 ಅಂದರೂ ನಿಜವಾದ ಸಂಖ್ಯೆ ಅಷ್ಟರೊಳಗೇ ಇದೆ ಅನ್ನೋಕೆ ಮೂರರಲ್ಲಿ ಎರಡು ಪಾಲು ಮಾತ್ರ ಭರವಸೆ.

ಇನ್ನೊಂದು ಪ್ರಶ್ನೆ ಇದಕ್ಕಿಂತ ದೊಡ್ಡದು: ಕಾಲ ಅಳೆದದ್ದು ಯಾವುದರದ್ದು? ಇದ್ದಿಲಾ, ಕಾಳಾ, ಎಲುಬಾ? ಹಳೆ ಮಾಳಿಗೆ ಮನೆ ಕೆಡವಿದಾಗ ಸಿಕ್ಕ ತೊಲೆಯನ್ನು ಇವತ್ತು ಒಲೆಗೆ ಹಾಕಿದೆವು ಅಂದುಕೊಳ್ಳಿ. ಆ ಇದ್ದಿಲು ಮರ ಬೆಳೆದ ಕಾಲ ಹೇಳುತ್ತದೆ, ಒಲೆ ಹಚ್ಚಿದ ಕಾಲ ಅಲ್ಲ. ನೂರಿನ್ನೂರು ವರ್ಷ ಸುಮ್ನೆ ಹೆಚ್ಚಾಗಿಬಿಡಬಹುದು. ಸುಟ್ಟ ಹುರುಳಿ ಕಾಳಿಗೆ ಆ ತೊಂದರೆ ಇಲ್ಲ, ಅದು ಒಂದೇ ವರ್ಷದ ಬೆಳೆ. ಪುರಾತತ್ವ ಸಂಶೋಧಕರಾದ ರವಿ ಕೋರಿಶೆಟ್ಟರ್, ಡೋರಿಯನ್ ಫುಲ್ಲರ್, ನಿಕೋಲ್ ಬೊವಾಂ ಅವರು ಸಂಗನಕಲ್ಲಿನ ಸುತ್ತ ಮಾಡಿದ ಕೆಲಸ ನನಗೆ ಇಷ್ಟ ಆಗೋದು ಇದಕ್ಕೇ. ಮಣ್ಣನ್ನು ನೀರಿಗೆ ಹಾಕಿ ತೇಲಿಸಿ, ಸುಟ್ಟ ಕಾಳು ಆರಿಸಿದರು. ಹುರುಳಿ, ಹೆಸರು, ಕೊರಲೆ ಸಿಕ್ಕವು. ಇವತ್ತೂ ನಾವು ತಿನ್ನುವ ಕಾಳುಗಳೇ ಅಲ್ವಾ! 2007ರಲ್ಲಿ ಇವರು ‘ಆಂಟಿಕ್ವಿಟಿ’ ಪತ್ರಿಕೆಯಲ್ಲಿ ಹಳೆಯ, ಹೊಸ ಕಾಲಗಳನ್ನೆಲ್ಲ ಒಟ್ಟಿಗೆ ಇಟ್ಟು ದಕ್ಷಿಣದ ನವಶಿಲಾಯುಗದ ಕಾಲಕ್ರಮವನ್ನು ಮತ್ತೆ ಜೋಡಿಸಿದರು. ಪಟ್ಟಿ ಓದುವ ಅಭ್ಯಾಸಕ್ಕೆ ಅದು ಒಳ್ಳೆಯ ಪ್ರಬಂಧ.

ನಮ್ಮ ಕಡೆ ಸಿಗುವ ನವಶಿಲಾಯುಗದ ಬೂದಿ ದಿಬ್ಬದ ಪ್ರಬಂಧವಾದರೆ ಊರಿನ ಕಥೆಯನ್ನೂ ಪಕ್ಕಕ್ಕೆ ಇಟ್ಟುಕೊಳ್ಳಿ. ಹಂಪಿ ಹತ್ತಿರದ ನಿಂಬಾಪುರದ ದಿಬ್ಬವನ್ನು ವಾಲಿಯನ್ನು ಸುಟ್ಟ ಜಾಗ ಅನ್ನುತ್ತಾರೆ. ಸಂಶೋಧಕರು ಹೇಳುವುದು, ದನದ ಸಗಣಿ ಗುಡ್ಡೆ ಹಾಕಿ ಮತ್ತೆ ಮತ್ತೆ ಸುಟ್ಟದ್ದು ಅಂತ. ಎಷ್ಟು ಕಾವು ಅಂದರೆ ಕೆಲವು ಕಡೆ ಬೂದಿ ಕರಗಿ ಕಿಟ್ಟದ ಹಾಗೆ ಗಟ್ಟಿಯಾಗಿದೆ. ಕೃಷ್ಣೆಯ ಆಚೆ, ತೆಲಂಗಾಣದ ಉತ್ನೂರಿನ ಬೂದಿ ದಿಬ್ಬವನ್ನು ಬ್ರಿಟಿಷ್ ಪುರಾತತ್ವಜ್ಞ ಆಲ್ಚಿನ್ ಅಗೆದಾಗ ದನದ ಗೊರಸಿನ ಗುರುತುಗಳೇ ಸಿಕ್ಕಿದ್ದವು. ಇಂಥದ್ದು ಸಾಕ್ಷಿ. ಯಾಕೆ ಸುಟ್ಟರು, ಪೂಜೆಗೋ ಹಬ್ಬಕ್ಕೋ ಅನ್ನುವುದು ಊಹೆ. ಓದುವಾಗ ಪೆನ್ಸಿಲ್ ಹಿಡಿದು, ‘ಸಿಕ್ಕಿತು’ ಅನ್ನುವ ವಾಕ್ಯಕ್ಕೆ ಒಂದು ಗೆರೆ, ‘ಇರಬಹುದು’ ಅನ್ನುವುದಕ್ಕೆ ಎರಡು ಗೆರೆ ಹಾಕಿ. ಕೊನೆಯ ಪುಟಗಳಲ್ಲಿ ಎರಡು ಗೆರೆಯವೇ ಜಾಸ್ತಿ ಆಗುತ್ತವೆ, ನೋಡಿ ಬೇಕಾದರೆ.

ಇಷ್ಟಾದ ಮೇಲೆ ಪ್ರಬಂಧವನ್ನು ಫೋನಿನಲ್ಲಿ ಇಟ್ಟುಕೊಂಡು ಗುಡ್ಡ ಹತ್ತಿ. ಕಪ್ಪಗಲ್ಲಿನಲ್ಲಿ ಗ್ರಾನೈಟ್ ಗುಡ್ಡವನ್ನು ಸೀಳಿಕೊಂಡು ಹೋಗುವ ಕಪ್ಪು ಡೋಲರೈಟ್ ಕಲ್ಲಿನ ಸಾಲು ಇದೆ. ಹಿಣಿಲು ಎದ್ದ, ಕೊಂಬು ಉದ್ದದ ಎತ್ತುಗಳ ಕುಟ್ಟು ಚಿತ್ರ ಇರುವುದು ಅದರ ಮೇಲೆ. ಬಡಿದು ಬಡಿದು ಗುಳಿ ಬಿದ್ದ ಬಂಡೆಗಳೂ ಅಲ್ಲೇ ಇವೆ, ಕಲ್ಲಿನಿಂದ ಕುಟ್ಟಿದರೆ ಗಂಟೆಯ ಹಾಗೆ ನಾದ ಬರುತ್ತದೆ. ಆದರೆ ನೀವು ಕುಟ್ಟಬೇಡಿ, ಬೆರಳಿನಲ್ಲಿ ಗುಳಿ ಮುಟ್ಟಿ ನೋಡಿದರೆ ಸಾಕು. ಮಡಕೆ ಚೂರು ಕಂಡರೆ ಜೇಬಿಗೆ ಹಾಕಬೇಡಿ, ಅಳತೆ ಗೊತ್ತಾಗಲು ಪಕ್ಕದಲ್ಲಿ ಹತ್ತು ರೂಪಾಯಿ ನಾಣ್ಯ ಇಟ್ಟು ಫೋಟೋ ತೆಗೆದು ಅಲ್ಲೇ ಬಿಡಿ. ಬೆಳಿಗ್ಗೆ ಬೇಗ ಹೋಗಿ. ಓರೆಯಾಗಿ ಬೀಳುವ ಎಳೆಬಿಸಿಲಿನಲ್ಲಿ ಚಿತ್ರಗಳು ಎದ್ದು ಕಾಣುತ್ತವೆ, ಮೇಲಾಗಿ ಹತ್ತು ಗಂಟೆ ದಾಟಿದರೆ ನಮ್ಮ ಬಳ್ಳಾರಿ ಬಂಡೆ ಮೇಲೆ ಕೂರೋಕೆ ಆಗುವುದಿಲ್ಲ.