ಒಳಗಿನ ಕಾರ್ಡೋ ಹೊರಗಿನ ಡಬ್ಬವೋ: ಕಂಪ್ಯೂಟರಿಗೆ ಟಿವಿ ಜೋಡಿಸುವಾಗ ನಾನು ನೋಡುವುದು

ಕಂಪ್ಯೂಟರಿನ ಮಾನಿಟರಿನಲ್ಲಿ ಟಿವಿ ತೋರಿಸುವ ಟ್ಯೂನರ್ ಯಾವುದು ತಗೊಳ್ಳಲಿ ಅಂತ ಕೇಳಿದವರಿಗೆ ನನ್ನ ಮರುಪ್ರಶ್ನೆ ಒಂದೇ: ಮನೆಗೆ ಬರುತ್ತಿರುವ ತಂತಿ ಯಾವುದು? ಕೇಬಲ್‌ನವರ ತಂತಿಯನ್ನು ನೇರ ಕಾರ್ಡಿನ ಬೆನ್ನಿಗೆ ಸಿಕ್ಕಿಸಿ ಚಾನೆಲ್ ಹುಡುಕುವ ಕಾಲ ಮುಗಿದಿದೆ. ಬಾಕ್ಸ್ ಇಲ್ಲದೆ ನೇರ ಟಿವಿಗೆ ಬರುತ್ತಿದ್ದ ಹಳೆಯ ಅನಲಾಗ್ ಕೇಬಲ್ ನಿಲ್ಲಿಸಲು ಬೆಂಗಳೂರು, ಮೈಸೂರಿಗೆ ಕೊಟ್ಟಿದ್ದ ಗಡುವು 2013ರ ಮಾರ್ಚ್ 31. ಹಳ್ಳಿಗಳವರೆಗಿನ ಕೊನೆಯ ಗಡುವು 2017ರ ಮಾರ್ಚ್ 31. ಈಗ ಆ ತಂತಿಗೆ ಹಳೆಯ ಟ್ಯೂನರ್ ಹಾಕಿದರೆ ಚುಕ್ಕಿಗಳು, ಸೊಯ್ಯೆನ್ನುವ ಸದ್ದು, ಅಷ್ಟೇ. ಚಾನೆಲ್ ಬದಲಿಸುವ ಕೆಲಸ ಸೆಟ್‌ಟಾಪ್ ಬಾಕ್ಸಿನದು. ಟ್ಯೂನರಿನಲ್ಲಿ ನಮಗೆ ಬೇಕಿರುವುದು ಅದರ ಹಳದಿ-ಕೆಂಪು-ಬಿಳಿ ಎವಿ ತೂತುಗಳು ಮಾತ್ರ.

ಮಾನಿಟರಿಗೆ ಎಚ್‌ಡಿಎಂಐ ಇದ್ದು, ಬರೀ ನೋಡಿದರೆ ಸಾಕು ಅನ್ನುವವರು ಏನನ್ನೂ ಕೊಳ್ಳಬೇಡಿ. ಸೆಟ್‌ಟಾಪ್ ಬಾಕ್ಸಿನ ಎಚ್‌ಡಿಎಂಐ ನೇರ ಮಾನಿಟರಿಗೆ, ಮಾನಿಟರಿನ 3.5 ಮಿ.ಮೀ. ತೂತಿನಿಂದ ಸ್ಪೀಕರಿಗೆ. ಮುಗೀತು.

ವಿಜಿಎ (ಹದಿನೈದು ಪಿನ್ನಿನ ಹಳೆಯ ಸಾಕೆಟ್) ಮಾತ್ರ ಇರುವ ಹಳೆಯ ಮಾನಿಟರಿಗೆ, ಸಿಪಿಯು ಮತ್ತು ಮಾನಿಟರ್ ನಡುವೆ ಕೂರುವ ಹೊರಗಿನ ಡಬ್ಬವೇ ಸರಿ. ಮಾನಿಟರಿನ ತಂತಿಯನ್ನು ಸಿಪಿಯುವಿನಿಂದ ಕಿತ್ತು ಡಬ್ಬದ ವಿಜಿಎ ಔಟ್‌ಗೆ ಹಾಕಿ. ಡಬ್ಬದ ಜೊತೆ ಬಂದ ಗಿಡ್ಡ ತಂತಿ ಸಿಪಿಯುವಿನಿಂದ ವಿಜಿಎ ಇನ್‌ಗೆ. ಸದ್ದಿಗೂ ಹಾಗೇ: ಸಿಪಿಯುವಿನ ಹಸಿರು ಜ್ಯಾಕಿನಿಂದ ಡಬ್ಬಕ್ಕೆ, ಡಬ್ಬದಿಂದ ಸ್ಪೀಕರಿಗೆ. ಇದರ ಲಾಭ ಕರೆಂಟು ಹೋದಾಗ ಗೊತ್ತಾಗುತ್ತದೆ. ಸಿಪಿಯು ಆರಿಸಿಯೇ ಟಿವಿ ನೋಡಬಹುದಾದ್ದರಿಂದ 600 ವಿಎ ಯುಪಿಎಸ್ ಮೇಲೆ ಮಾನಿಟರ್, ಡಬ್ಬ, ಸೆಟ್‌ಟಾಪ್ ಬಾಕ್ಸ್ ಮೂರೇ ಇದ್ದರೆ ಮ್ಯಾಚಿನ ಕೊನೆಯ ಓವರುಗಳು ತಪ್ಪುವುದಿಲ್ಲ. ಆದರೆ ಈ ಡಬ್ಬ ಕಂಪ್ಯೂಟರಿಗೆ ಏನನ್ನೂ ಕಳಿಸುವುದಿಲ್ಲ, ಹಾಗಾಗಿ ರೆಕಾರ್ಡಿಂಗ್ ಆಗದು. ಕೊಂಡಮೇಲೆ ಇದನ್ನು ಕೇಳಿ ಬೇಜಾರಾಗುವವರೇ ಜಾಸ್ತಿ.

ಹಾಕಿದ ಕೂಡಲೇ ಪರದೆ ಕಪ್ಪಾಗಿ ‘ಔಟ್ ಆಫ್ ರೇಂಜ್’ ಅಂದರೆ ಡಬ್ಬ ಕೆಟ್ಟಿಲ್ಲ. ಹಳೆಯ ದಪ್ಪ ಮಾನಿಟರಿಗೆಂದು ಅದು 75 ಹರ್ಟ್ಸ್ (ಸೆಕೆಂಡಿಗೆ 75 ಚಿತ್ರ) ಕಳಿಸುತ್ತಿರುತ್ತದೆ. ಎಲ್‌ಸಿಡಿಗೆ 60 ಬೇಕು. ರಿಮೋಟಿನ ರೆಸಲ್ಯೂಷನ್ ಗುಂಡಿಯನ್ನು ಚಿತ್ರ ಬರುವವರೆಗೆ ಒಂದೊಂದೇ ಸಲ, ಎರಡು ಸೆಕೆಂಡ್ ಬಿಟ್ಟು ಒತ್ತಿ. ನ್ಯೂಸ್ ಚಾನೆಲಿನ ಕೆಳಗೆ ಓಡುವ ಸಾಲು ಜಗ್ಗಿ ಜಗ್ಗಿ ಹೋಗುವುದಕ್ಕೆ ಮಾತ್ರ ಮದ್ದಿಲ್ಲ. ನಮ್ಮ ಪ್ರಸಾರ ಸೆಕೆಂಡಿಗೆ 50 ಫೀಲ್ಡ್ (ಅರ್ಧ ಚಿತ್ರ), ಮಾನಿಟರ್ 60. ಎರಡಕ್ಕೂ ಲೆಕ್ಕ ಕೂಡುವುದಿಲ್ಲ.

ರೆಕಾರ್ಡ್ ಮಾಡುವುದಿದ್ದರೆ ಎರಡು ದಾರಿ: ಒಳಗಿನ ಕಾರ್ಡು ಇಲ್ಲವೇ ಯುಎಸ್‌ಬಿ. ಕಾರ್ಡು ಕೊಳ್ಳುವ ಮೊದಲು ಸಿಪಿಯುವಿನ ಪಕ್ಕದ ತಗಡು ಬಿಚ್ಚಿ ನೋಡಿ. ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಸಿಗುವ ಅನಲಾಗ್ ಕಾರ್ಡುಗಳಲ್ಲಿ ಹೆಚ್ಚಿನವು ಹಳೆಯ ಪಿಸಿಐ ಸ್ಲಾಟಿನವು. ಈಗಿನ ಮದರ್‌ಬೋರ್ಡುಗಳಲ್ಲಿ ಇರುವುದು ಪಿಸಿಐ ಎಕ್ಸ್‌ಪ್ರೆಸ್. ಒಂದರೊಳಗೆ ಇನ್ನೊಂದು ಕೂರದು. ಎಸ್‌ಎಎ7130 ಚಿಪ್ಪಿನ ಕಾರ್ಡಾದರೆ ಅದಕ್ಕೆ ಸದ್ದನ್ನು ತಾನೇ ಕಂಪ್ಯೂಟರಿಗೆ ದಾಟಿಸಲು ಬರದು. ಕಾರ್ಡಿನ ಆಡಿಯೋ ಔಟ್‌ನಿಂದ ಸೌಂಡ್ ಕಾರ್ಡಿನ ನೀಲಿ ಲೈನ್ ಇನ್‌ಗೆ ತಂತಿ ಹಾಕಬೇಕು. ಗುಲಾಬಿ ಬಣ್ಣದ ಮೈಕ್ ತೂತಿಗೆ ಹಾಕಿದರೆ ಒಡೆದ ದನಿ ಬರುತ್ತದೆ.

ಯುಎಸ್‌ಬಿಯಲ್ಲಿ ತೊಡಕು ದಾರಿಯ ಅಗಲದ್ದು. 720×576 ಚಿತ್ರ, ಚುಕ್ಕಿಗೆ 2 ಬೈಟ್, ಸೆಕೆಂಡಿಗೆ 25 ಚೌಕಟ್ಟು: ಒಟ್ಟು 20.7 ಎಂಬಿ. ಯುಎಸ್‌ಬಿ 2.0 ನಿಜಕ್ಕೂ ಕೊಡುವುದು 35-40 ಎಂಬಿ. ಅದೇ ಹಬ್ಬಿಗೆ ಹಾರ್ಡ್ ಡಿಸ್ಕೂ ಸಿಕ್ಕಿಸಿ ಅದಕ್ಕೇ ರೆಕಾರ್ಡ್ ಮಾಡಿದರೆ ಚೌಕಟ್ಟುಗಳು ಉದುರಿ, ತುಟಿಗೂ ಮಾತಿಗೂ ತಾಳ ತಪ್ಪುತ್ತದೆ. ಹಬ್ ಬಿಟ್ಟು ಸಿಪಿಯುವಿನ ಹಿಂಬದಿಯ ಪೋರ್ಟಿಗೇ ಹಾಕಿ. ತಂತ್ರಾಂಶದಲ್ಲಿ ನಮ್ಮ ದೇಶದ ಟಿವಿ ಮಾದರಿಯಾದ ಪಾಲ್-ಬಿ ಆರಿಸಿ. ಅಮೆರಿಕದ ಮಾದರಿ ಎನ್‌ಟಿಎಸ್‌ಸಿ ಇದ್ದರೆ ಚಿತ್ರ ಉರುಳುತ್ತದೆ ಅಥವಾ ಬಣ್ಣ ಹೋಗುತ್ತದೆ. ಎಂಪೆಗ್-2, 6 ಎಂಬಿಪಿಎಸ್‌ನಲ್ಲಿ ಗಂಟೆಗೆ 2.7 ಜಿಬಿ. ಡಿಸ್ಕಿನ ಫಾರ್ಮ್ಯಾಟ್ ಫ್ಯಾಟ್32 ಆಗಿದ್ದರೆ ಸುಮಾರು 95 ನಿಮಿಷಕ್ಕೆ ರೆಕಾರ್ಡಿಂಗ್ ಸದ್ದಿಲ್ಲದೆ ನಿಲ್ಲುತ್ತದೆ, ಏಕೆಂದರೆ ಒಂದು ಕಡತ 4 ಜಿಬಿ ದಾಟುವಂತಿಲ್ಲ. ಎನ್‌ಟಿಎಫ್‌ಎಸ್ ಮಾಡಿಕೊಳ್ಳಿ.

ಎವಿ ತಂತಿ ಸಿಕ್ಕಿಸುವಾಗ ಒಂದು ಎಚ್ಚರ. ಎರಡು ಪಿನ್ನಿನ ಸೆಟ್‌ಟಾಪ್ ಬಾಕ್ಸುಗಳ ಲೋಹದ ಭಾಗ ಮುಟ್ಟಿದರೆ ಕೈ ಜುಮ್ಮೆನ್ನುತ್ತದಲ್ಲ, ಅದು ಒಳಗಿನ ಕೆಪಾಸಿಟರ್ ಮೂಲಕ ಸೋರುವ ಕರೆಂಟು. ಆರ್‌ಸಿಎ ಪ್ಲಗ್ಗಿನಲ್ಲಿ ನಡುವಿನ ಕಡ್ಡಿ ಮೊದಲು ತಾಗುತ್ತದೆ, ಸುತ್ತಲ ಬಳೆ ಆಮೇಲೆ. ಆ ಕ್ಷಣದಲ್ಲಿ ಸೋರಿದ್ದೆಲ್ಲ ಕಡ್ಡಿಯ ಮೂಲಕ ಟ್ಯೂನರಿನ ವಿಡಿಯೋ ಇನ್‌ಪುಟ್‌ಗೆ ಇಳಿದು ಅದನ್ನು ಸುಡಬಹುದು. ಮೊದಲು ತಂತಿ, ಆಮೇಲೆ ಸ್ವಿಚ್ಚು. ಕೀಳುವಾಗ ಇದರ ತಿರುಗುಮುರುಗು.

ಡಿಶ್‌ನಿಂದ ನೇರ ಹಿಡಿಯುವವರಿಗೆ ಟ್ಯೂನರ್ ಅನ್ನುವ ಮಾತಿಗೆ ಇನ್ನೂ ಅರ್ಥ ಇದೆ. ಬೀಗ ಹಾಕದ ಚಾನೆಲ್ ಮಾತ್ರ ಸಿಗುತ್ತವೆ, ಅಂದರೆ ಡಿಡಿ ಫ್ರೀ ಡಿಶ್ ಕಡೆಗೇ ತಿರುಗಿಸಬೇಕು. ಅದು ಜಿಸ್ಯಾಟ್-15, 93.5 ಡಿಗ್ರಿ ಪೂರ್ವ. ಬೆಂಗಳೂರಿನಿಂದ ಆಗ್ನೇಯಕ್ಕೆ, ಉತ್ತರದಿಂದ 128 ಡಿಗ್ರಿ, ಮೇಲಕ್ಕೆ 66 ಡಿಗ್ರಿ. ಡಿವಿಬಿ-ಎಸ್2 (ಡಿಶ್ ಪ್ರಸಾರದ ಹೊಸ ಮಾದರಿ) ಅಂತ ಬರೆದದ್ದನ್ನೇ ಕೊಳ್ಳಿ. ಡಿಶ್‌ನ ಮುಂದೆ ಕೂತು ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಗೆ ಟ್ಯೂನರೇ ಕರೆಂಟು ಕೊಡಬೇಕು: ನೆಟ್ಟಗಿನ ಅಲೆಯ (ವರ್ಟಿಕಲ್) ಚಾನೆಲಿಗೆ 13 ವೋಲ್ಟ್, ಅಡ್ಡ ಅಲೆಯದಕ್ಕೆ (ಹಾರಿಜಾಂಟಲ್) 18. 200 ಮಿಲಿಆಂಪ್ ಎಳೆಯುವ ಎಲ್‌ಎನ್‌ಬಿಗೆ 18 ವೋಲ್ಟಿನಲ್ಲಿ 3.6 ವಾಟ್ ಬೇಕು, ಯುಎಸ್‌ಬಿ 2.0 ಪೋರ್ಟ್ ಕೊಡುವುದೇ 2.5 ವಾಟ್. ಆದ್ದರಿಂದ ಬೇರೆ 12 ವೋಲ್ಟ್ ಅಡಾಪ್ಟರ್ ಇಲ್ಲದ ಯುಎಸ್‌ಬಿ ಡಿಶ್ ಟ್ಯೂನರನ್ನು ನಾನು ಮುಟ್ಟುವುದಿಲ್ಲ. ಕರೆಂಟು ಸಾಲದಿದ್ದರೆ ವರ್ಟಿಕಲ್ ಚಾನೆಲುಗಳು ಬಂದು ಹಾರಿಜಾಂಟಲ್ ಕೈಕೊಡುತ್ತವೆ, ಜನ ಡಿಶ್ ತಿರುಗಿಸುತ್ತಾ ಕೂರುತ್ತಾರೆ. ಒಳಗಿನ ಕಾರ್ಡಿಗೆ ಪವರ್ ಸಾಕೆಟ್ ಇದ್ದರೆ ಎಸ್‌ಎಂಪಿಎಸ್‌ನ (ಸಿಪಿಯುವಿನೊಳಗಿನ ಪವರ್ ಪೆಟ್ಟಿಗೆಯ) ತಂತಿಯನ್ನು ಮರೆಯದೆ ಹಾಕಿ. ಸ್ಪ್ಲಿಟರಿನಿಂದ ಟಿವಿಗೂ ಕಂಪ್ಯೂಟರಿಗೂ ಹಂಚಬೇಡಿ, ಎರಡೂ ಬೇರೆ ಬೇರೆ ವೋಲ್ಟೇಜ್ ಕೊಟ್ಟು ಒಂದನ್ನೊಂದು ಕೆಡಿಸುತ್ತವೆ. ಎರಡು ಬಾಯಿಯ ಟ್ವಿನ್ ಎಲ್‌ಎನ್‌ಬಿ ಹಾಕಿ.

ನಾಲ್ಕು ಗಂಟೆ ಬಿಡದೆ ರೆಕಾರ್ಡ್ ಆಗಬೇಕು ಅಂದರೆ ಒಳಗಿನ ಕಾರ್ಡೇ ಮೇಲು. ಅಲ್ಲಾಡುವ ಪ್ಲಗ್ ಇಲ್ಲ, ಪೋರ್ಟ್ ನಿದ್ದೆ ಹೋಗುವ ಕಾಟವಿಲ್ಲ. ಆದರೂ ಮಲೆನಾಡಿನವರಿಗೆ ನಾನು ಹೇಳುವುದು ಹೊರಗಿನ ಯುಎಸ್‌ಬಿ ಟ್ಯೂನರನ್ನೇ. ಏಪ್ರಿಲ್, ಮೇ ಸಿಡಿಲಿಗೆ ಮಾಳಿಗೆಯ ತಂತಿಯಿಂದ ಇಳಿದ ಸರ್ಜ್ ಕಾರ್ಡಿನಿಂದ ಮದರ್‌ಬೋರ್ಡಿಗೆ ಒಂದೇ ಹೆಜ್ಜೆ. ಹೊರಗಿನದಾದರೆ ಮೋಡ ಕವಿದ ಕೂಡಲೇ, ಗುಡುಗು ಕೇಳುವ ಮೊದಲೇ ಡಿಶ್ ತಂತಿ, ಅಡಾಪ್ಟರ್, ಯುಎಸ್‌ಬಿ ಮೂರನ್ನೂ ಕುರ್ಚಿಯಿಂದ ಏಳದೆ ಕಿತ್ತಿಡಬಹುದು. ಯುಎಸ್‌ಬಿ ಒಂದನ್ನೇ ಕಿತ್ತು ಡಿಶ್ ತಂತಿ ಬಿಟ್ಟರೆ ಡಬ್ಬ ಸುಡಬಹುದು.