ದ್ವೀಪದ ಇಲಿಗಳು ಎಷ್ಟು ಬದಲಾಗಿವೆ ಅಂತ ನೋಡೋದು ಹೇಗೆ?

ದಕ್ಷಿಣ ಅಟ್ಲಾಂಟಿಕ್‌ನ ಗಫ್ ದ್ವೀಪಕ್ಕೆ 19ನೇ ಶತಮಾನದಲ್ಲಿ ಸೀಲ್ ಬೇಟೆಗಾರರ ಹಡಗಲ್ಲಿ ಹೋದ ಚಿಕ್ಕ ಮನೆ ಇಲಿಗಳು (ಹೆಗ್ಗಣ ಅಲ್ಲ) ಈಗ ಮಾಮೂಲಿಗಿಂತ ಹೆಚ್ಚುಕಮ್ಮಿ ಎರಡು ಪಟ್ಟು ತೂಗ್ತವೆ, ಆಲ್ಬಟ್ರಾಸ್ (ದೊಡ್ಡ ಕಡಲಹಕ್ಕಿ) ಮರಿಗಳನ್ನ ಜೀವಂತ ಕಚ್ಚಿ ತಿಂತವೆ, ಅದಕ್ಕೇ ಈ ಕೆಲಸ ನಂಗೆ ಮುಖ್ಯ ಅನ್ಸೋದು.

ಮೊದಲು ಹಲ್ಲಿನ ಸವೆತ ನೋಡಿ ವಯಸ್ಸು ಅಂದಾಜು ಮಾಡಿ, ಮರಿಗಳನ್ನೂ ಗಬ್ಬದ ಹೆಣ್ಣುಗಳನ್ನೂ ಬೇರೆ ಇಡಿ, ಇಲ್ಲಾಂದ್ರೆ ತೂಕದ ಲೆಕ್ಕನೇ ತಪ್ಪುತ್ತೆ. ಆಮೇಲೆ ತೂಕ, ಮೈ ಉದ್ದ, ಬಾಲ, ಹಿಂಗಾಲಿನ ಪಾದ (ಉಗುರು ಬಿಟ್ಟು) ಅಳೀರಿ. ಅಳೆಯೋರು ಒಬ್ಬರೇ ಇರ್ಲಿ, ಕೈ ಬದಲಾದ್ರೆ ಅಳತೆನೂ ಬದಲಾಗುತ್ತೆ. ಗ್ಲೌಸ್ ಮರೀಬೇಡಿ.

ಡಿಎನ್ಎ ಪರೀಕ್ಷೆಗೆ ಕಿವಿಯ ಚೂರು ಆಲ್ಕೋಹಾಲ್‌ನಲ್ಲಿ ಹಾಕಿಡಿ. ಮೈಟೋಕಾಂಡ್ರಿಯಾ (ಜೀವಕೋಶಕ್ಕೆ ಶಕ್ತಿ ಕೊಡೋ ಭಾಗ) ಡಿಎನ್ಎ ತಾಯಿ ಕಡೆಯಿಂದ ಮಾತ್ರ ಬರೋದ್ರಿಂದ ಮೂಲ ಯಾವ ಊರು ಅನ್ನೋದಕ್ಕೆ ಸುಳಿವು ಸಿಗುತ್ತೆ.

ಕ್ರೋಮೋಸೋಮ್ (ಜೀವಕೋಶದೊಳಗೆ ಜೀನ್‌ಗಳನ್ನ ಹೊತ್ತಿರೋ ಎಳೆ) ಎಣಿಸೋದು ಬಿಡ್ಲೇಬೇಡಿ! ಮಾಮೂಲಿ ಇಲಿಗೆ 40, ಪೋರ್ಚುಗಲ್‌ನ ಮಡೀರಾ ದ್ವೀಪದಲ್ಲಿ ಎರಡೆರಡು ಕ್ರೋಮೋಸೋಮ್ ಒಂದಕ್ಕೊಂದು ಅಂಟ್ಕೊಂಡು 22ರಿಂದ 30ಕ್ಕೆ ಇಳಿದಿರೋ ಗುಂಪುಗಳಿವೆ, ಹೊರಗಿಂದ ನೋಡಿದ್ರೆ ಗೊತ್ತೇ ಆಗಲ್ಲ.

ಗಾತ್ರ ಊಟದಿಂದ ಬಂತಾ ಜೀನ್‌ನಿಂದಾನಾ ಅಂತ ತಿಳೀಬೇಕಾದ್ರೆ, ದ್ವೀಪದ ಇಲಿ, ಮುಖ್ಯ ಭೂಮಿಯ ಮಾಮೂಲಿ ಇಲಿ ಎರಡನ್ನೂ ಲ್ಯಾಬಲ್ಲಿ ಒಂದೇ ಆಹಾರ ಕೊಟ್ಟು ಸಾಕಿ, ಅಲ್ಲೇ ಹುಟ್ಟಿದ ಮರಿಗಳನ್ನ ತೂಗಿ. ಗಫ್ ಇಲಿಗಳ ಮರಿಗಳು ಲ್ಯಾಬಲ್ಲೂ ದೊಡ್ಡದಾಗೇ ಬೆಳೆದ್ವು.